ಲೀನ್ ಮತ್ತು ನಿರಂತರ ಸುಧಾರಣೆ: ಕೆಲಸದ ಜಾಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿಯ ಕೊನೆಯಲ್ಲಿ "ಏನಾದರೂ ಪ್ರಶ್ನೆ ಇದೆಯಾ" ಎಂದರೆ ಯಾರೂ ಕೈ ಎತ್ತುವುದಿಲ್ಲ. ಊಟದ ಬಿಡುವಿನಲ್ಲಿ, ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಮಾತ್ರ ನಿಜವಾದ ಪ್ರಶ್ನೆಗಳು ಒಂದೊಂದಾಗಿ ಹೊರಬರುತ್ತವೆ. ಆಪರೇಟರ್‌ಗಳು, ಗುಮಾಸ್ತರು, ಸೂಪರ್‌ವೈಸರ್‌ಗಳು, ಮ್ಯಾನೇಜರ್‌ಗಳು ಕೇಳುವ ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವನ್ನು ಬಿಡಿಸಿ ಹೇಳಲೇಬೇಕು.

ಲೀನ್ ಎಂದರೆ ಸರಳವಾಗಿ ಏನು?

ಗ್ರಾಹಕರಿಗೆ ಬೇಕಾದದ್ದು ಬೇಕಾದಾಗ ಸರಿಯಾಗಿ ತಲುಪಬೇಕು. ಆ ದಾರಿಯಲ್ಲಿ ಅಡ್ಡ ಬರುವ ಕಾಯುವಿಕೆ, ಮರುಕೆಲಸ, ಸುಮ್ಮನೆ ಓಡಾಟ, ಗೊಂದಲ ಇವನ್ನೆಲ್ಲ ಆ ಕೆಲಸ ಮಾಡುವವರೇ ದಿನದಿನವೂ ಗುರುತಿಸಿ ತೆಗೆಯುತ್ತಾ ಹೋಗಬೇಕು. ಗ್ರಾಹಕರೆಂದರೆ ಹಣ ಕೊಡುವವರು ಮಾತ್ರ ಅಲ್ಲ. ನೀವು ಮುಗಿಸಿದ ಕೆಲಸವನ್ನು ಮುಂದಕ್ಕೆ ತೆಗೆದುಕೊಳ್ಳುವ ಪಕ್ಕದ ವಿಭಾಗದವರೂ ನಿಮ್ಮ ಗ್ರಾಹಕರೇ.

ಮಾಡುವವರೇ ಮಾಡಬೇಕು, ದಿನದಿನವೂ ಮಾಡಬೇಕು. ಇವೆರಡನ್ನು ಬಿಟ್ಟರೆ ಉಳಿಯುವುದು ಖರ್ಚು ಕಡಿತ. ಅದಕ್ಕೆ ಲೀನ್ ಎಂಬ ಹೆಸರು ಬೇಕಿಲ್ಲ.

ಇದು ಎಲ್ಲಿಂದ ಬಂತು?

ಜಪಾನಿನ ಟೊಯೋಟ ಕಾರ್ಖಾನೆಗಳಿಂದ. ಎರಡನೇ ಮಹಾಯುದ್ಧದ ನಂತರ ಅವರ ಬಳಿ ಹಣ ಇರಲಿಲ್ಲ, ದೊಡ್ಡ ಮಾರುಕಟ್ಟೆ ಇರಲಿಲ್ಲ. ಅಮೆರಿಕದ ಕಂಪನಿಗಳ ಹಾಗೆ ಒಂದೇ ಮಾದರಿಯನ್ನು ಲಕ್ಷಗಟ್ಟಲೆ ಮಾಡಿ ಗೋದಾಮು ತುಂಬಿಸುವುದು ಅವರಿಗೆ ಸಾಧ್ಯವೇ ಇರಲಿಲ್ಲ. ಟೈಯಿಚಿ ಓನೊ ಎಂಬ ಎಂಜಿನಿಯರ್ ಮತ್ತು ಅವರ ಜೊತೆಗಾರರು ಬೇಕಾದಷ್ಟನ್ನೇ ಬೇಕಾದಾಗ ಮಾಡುವ ವ್ಯವಸ್ಥೆಯನ್ನು ಹಲವು ವರ್ಷ ತಿದ್ದಿ ತೀಡಿ ಕಟ್ಟಿದರು. ಅಮೆರಿಕದ ಸೂಪರ್ ಮಾರ್ಕೆಟ್‌ಗಳಲ್ಲಿ ಜನ ಕೊಂಡಷ್ಟನ್ನು ಮಾತ್ರ ಶೆಲ್ಫಿಗೆ ಮತ್ತೆ ತುಂಬಿಸುವ ಪದ್ಧತಿಯಿಂದ ಓನೊ ಅವರಿಗೆ, ಬಳಸಿದಷ್ಟನ್ನೇ ಮತ್ತೆ ಮಾಡಿ ಎಂದು ಹಿಂದಿನ ಹಂತಕ್ಕೆ ತಿಳಿಸುವ ಕಾನ್‌ಬಾನ್ ಕಾರ್ಡಿನ ಯೋಚನೆ ಬಂತು. 1950ರಲ್ಲಿ ಅಮೆರಿಕದ ಅಂಕಿಅಂಶ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಜಪಾನಿಗೆ ಹೋಗಿ ಗುಣಮಟ್ಟದ ಬಗ್ಗೆ ಕೊಟ್ಟ ಉಪನ್ಯಾಸಗಳೂ ಅಲ್ಲಿನ ಉದ್ಯಮದ ಮೇಲೆ ಆಳವಾದ ಪರಿಣಾಮ ಬೀರಿದವು. ಲೀನ್ ಎಂಬ ಹೆಸರು ತೀರಾ ತಡವಾಗಿ ಬಂದದ್ದು. 1988ರಲ್ಲಿ ಜಾನ್ ಕ್ರಾಫ್ಚಿಕ್ ಎಂಬ ಸಂಶೋಧಕರು ಒಂದು ಲೇಖನದಲ್ಲಿ ಅದನ್ನು ಬಳಸಿದರು.

ಲೀನ್ ಬಂತು ಅಂದರೆ ಜನರನ್ನು ತೆಗೆಯುತ್ತಾರೆ ಅಂತಲ್ಲವೇ?

ಈ ಭಯಕ್ಕೆ ಕಾರಣವಿದೆ. ಲೀನ್ ಹೆಸರಿನಲ್ಲಿ ಜನರನ್ನು ಮನೆಗೆ ಕಳಿಸಿದ ಸಂಸ್ಥೆಗಳು ಬೇಕಾದಷ್ಟಿವೆ. ಆದರೆ ಹಾಗೆ ಮಾಡಿದ ಕಡೆ ಸುಧಾರಣೆ ಅಲ್ಲಿಗೇ ನಿಲ್ಲುತ್ತದೆ. ನಾನು ಇಂದು ಒಂದು ಗಂಟೆಯ ಕೆಲಸ ಉಳಿಸುವ ಉಪಾಯ ಹೇಳಿ, ಅದರಿಂದ ನಾಳೆ ನನ್ನ ಪಕ್ಕದವರ ಕೆಲಸ ಹೋಯಿತು ಅಂತಾದರೆ ನಾನು ಇನ್ನೊಮ್ಮೆ ಬಾಯಿ ಬಿಡುತ್ತೇನೆಯೇ? ಯಾರೂ ಬಿಡುವುದಿಲ್ಲ.

ಟೊಯೋಟದ ಇತಿಹಾಸದಲ್ಲೇ ಈ ಪಾಠ ಇದೆ. 1950ರಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂದು ಕಾರ್ಮಿಕರನ್ನು ಕಡಿಮೆ ಮಾಡಬೇಕಾಯಿತು, ದೊಡ್ಡ ಮುಷ್ಕರ ನಡೆಯಿತು. ಅದರ ಹೊಣೆ ಹೊತ್ತು ಅಧ್ಯಕ್ಷ ಕೀಚಿರೊ ಟೊಯೋಡ ರಾಜೀನಾಮೆ ಕೊಟ್ಟರು. ಕೆಲಸದ ಭದ್ರತೆ ಮತ್ತು ಕಾರ್ಮಿಕರ ಸಹಕಾರ ಒಂದಕ್ಕೊಂದು ಅಂಟಿಕೊಂಡೇ ಇರಬೇಕು ಎಂಬ ಒಪ್ಪಂದ ಆ ನೋವಿನ ನಂತರ ಗಟ್ಟಿಯಾಯಿತು.

ಆದ್ದರಿಂದ ಮೊದಲ ದಿನವೇ, ಬರವಣಿಗೆಯಲ್ಲಿ, ಒಂದು ಮಾತು ಕೊಡಿ: ಸುಧಾರಣೆಯಿಂದ ಯಾರ ಕೆಲಸವೂ ಹೋಗುವುದಿಲ್ಲ. ಉಳಿದ ಸಮಯ ತರಬೇತಿಗೆ, ಬಾಕಿ ಉಳಿದ ಕೆಲಸಕ್ಕೆ, ಹೊಸ ಕೆಲಸಕ್ಕೆ ಹೋಗುತ್ತದೆ. ಈ ಮಾತು ಕೊಡಲು ಆಡಳಿತ ಸಿದ್ಧವಿಲ್ಲದಿದ್ದರೆ ಲೀನ್ ಶುರುಮಾಡದಿರುವುದೇ ಒಳ್ಳೆಯದು. ಇದರಲ್ಲಿ ನನಗೆ ರಾಜಿ ಇಲ್ಲ.

ನಮ್ಮದು ಕಾರ್ಖಾನೆಯಲ್ಲ, ಕಚೇರಿ. ನಮಗೆ ಇದು ಹೊಂದುತ್ತದೆಯೇ?

ಕಚೇರಿಗೇ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ಕಾರ್ಖಾನೆಯಲ್ಲಿ ಅರ್ಧಂಬರ್ಧ ಕೆಲಸ ನೆಲದ ಮೇಲೆ ರಾಶಿ ಬಿದ್ದಿರುತ್ತದೆ, ದಾಟಿ ಹೋಗುವವರ ಕಾಲಿಗೆ ತಾಗುತ್ತದೆ. ಕಚೇರಿಯಲ್ಲಿ ಅದೇ ರಾಶಿ ಇಮೇಲ್ ಒಳಗೆ ಕೂತಿರುತ್ತದೆ, ಯಾರಿಗೂ ಕಾಣುವುದಿಲ್ಲ.

ಒಂದು ಬಿಲ್ಲಿನ ಹಿಂದೆ ಹೆಜ್ಜೆ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ ನಿಮ್ಮಲ್ಲಿ ಇದಕ್ಕಿಂತ ಬಹಳ ಬೇರೆ ಇರಲಾರದು. ಸರಬರಾಜುದಾರರ ಬಿಲ್ ಬರುತ್ತದೆ. ಗುಮಾಸ್ತರು ಆರು ನಿಮಿಷದಲ್ಲಿ ಅದನ್ನು ಸಿಸ್ಟಮ್‌ಗೆ ಹಾಕುತ್ತಾರೆ. ಅದು ಪರಿಶೀಲನೆಯವರ ಟ್ರೇಯಲ್ಲಿ ಎರಡು ದಿನ ಕಾಯುತ್ತದೆ, ಏಕೆಂದರೆ ಅವರು ಬಿಲ್ಲುಗಳನ್ನು ವಾರಕ್ಕೆರಡು ಸಲ ಒಟ್ಟಿಗೆ ನೋಡುತ್ತಾರೆ. ನೋಡಿದಾಗ ಖರೀದಿ ಆದೇಶದ ಸಂಖ್ಯೆಯೇ ಇಲ್ಲ. ಖರೀದಿ ವಿಭಾಗಕ್ಕೆ ಒಂದು ಇಮೇಲ್ ಹೋಗುತ್ತದೆ, ಉತ್ತರಕ್ಕೆ ಮೂರು ದಿನ. ಸಂಖ್ಯೆ ಬಂತು, ಪರಿಶೀಲನೆಗೆ ಹತ್ತು ನಿಮಿಷ. ಮುಂದೆ ಮ್ಯಾನೇಜರ್ ಸಹಿ: ಕೈಯಲ್ಲಿ ಹಿಡಿದರೆ ನಾಲ್ಕು ನಿಮಿಷ, ಆದರೆ ಅವರು ಪ್ರವಾಸದಲ್ಲಿದ್ದಾರೆ, ಮತ್ತೆ ನಾಲ್ಕು ದಿನ. ಕೊನೆಗೆ ಪಾವತಿ ವಾರಕ್ಕೊಮ್ಮೆ ಮಾತ್ರ, ಅದಕ್ಕೆ ಮೂರು ದಿನ ಕಾದು ಹದಿನೈದು ನಿಮಿಷದ ಕೆಲಸ.

ಕೂಡಿಸಿ ನೋಡಿ. ಯಾರಾದರೂ ಆ ಬಿಲ್ಲನ್ನು ಮುಟ್ಟಿದ್ದು ಒಟ್ಟು 35 ನಿಮಿಷ. ಅದು ಕಚೇರಿಯೊಳಗೆ ಇದ್ದದ್ದು 12 ಕೆಲಸದ ದಿನ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ 5,760 ನಿಮಿಷ. ಕೆಲಸ ನಡೆದದ್ದು ನೂರಕ್ಕೆ ಒಂದು ಪಾಲೂ ಅಲ್ಲ! ಗುಮಾಸ್ತರಿಗೆ "ಬೇಗ ಟೈಪ್ ಮಾಡಿ" ಎಂದು ಒತ್ತಡ ಹಾಕಿದರೆ ಎರಡು ನಿಮಿಷ ಉಳಿದೀತು. ಖರೀದಿ ಆದೇಶದ ಸಂಖ್ಯೆ ಇಲ್ಲದ ಬಿಲ್ಲನ್ನು ಬಾಗಿಲಲ್ಲೇ ವಾಪಸ್ ಮಾಡಿದರೆ ಮೂರು ದಿನ ಉಳಿಯುತ್ತದೆ. ಮ್ಯಾನೇಜರ್ ಊರಲ್ಲಿಲ್ಲದಾಗ ಯಾರು ಸಹಿ ಮಾಡಬೇಕು ಎಂದು ಮೊದಲೇ ಗೊತ್ತುಮಾಡಿದರೆ ಇನ್ನೂ ನಾಲ್ಕು. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ಯಾರೂ ಈಗಿನದಕ್ಕಿಂತ ವೇಗವಾಗಿ ದುಡಿಯಬೇಕಿಲ್ಲ.

ಏಳು ಬಗೆಯ ವ್ಯರ್ಥಗಳನ್ನು ಬಾಯಿಪಾಠ ಮಾಡಬೇಕೇ?

ಬೇಡ. ಆದರೆ ಪಟ್ಟಿ ಗೊತ್ತಿದ್ದರೆ ಕಣ್ಣು ಚುರುಕಾಗುತ್ತದೆ: ಬೇಕಾದ್ದಕ್ಕಿಂತ ಹೆಚ್ಚು ಮಾಡುವುದು, ಕಾಯುವುದು, ಸಾಗಾಟ, ಅನಗತ್ಯ ಸಂಸ್ಕರಣೆ, ಹೆಚ್ಚುವರಿ ದಾಸ್ತಾನು, ಅನಗತ್ಯ ಓಡಾಟ, ದೋಷ ಮತ್ತು ಮರುಕೆಲಸ. ಎಲ್ಲಕ್ಕಿಂತ ಕೆಟ್ಟದ್ದು ಮೊದಲನೆಯದು ಎಂದು ಓನೊ ಹೇಳುತ್ತಿದ್ದರು, ಏಕೆಂದರೆ ಅದು ಉಳಿದವನ್ನೆಲ್ಲ ಹುಟ್ಟಿಸುತ್ತದೆ. ಹೆಚ್ಚು ಮಾಡಿದರೆ ಇಡಲು ಜಾಗ ಬೇಕು, ಸಾಗಿಸಲು ಜನ ಬೇಕು, ಲೆಕ್ಕವಿಡಲು ಇನ್ನೊಬ್ಬರು ಬೇಕು.

ಈ ಪಟ್ಟಿಯ ಭರಾಟೆಯಲ್ಲಿ ಜನ ಮರೆಯುವುದು ಇನ್ನೆರಡನ್ನು: ಏರುಪೇರು ಮತ್ತು ಅತಿಭಾರ. ಜಪಾನಿನಲ್ಲಿ ಇವನ್ನು ಮುರಾ, ಮುರಿ ಎನ್ನುತ್ತಾರೆ. ತಿಂಗಳ ಮೊದಲ ಮೂರು ವಾರ ಕೈಕಟ್ಟಿ ಕೂತು, ಕೊನೆಯ ವಾರ ರಾತ್ರಿ ಹಗಲು ದುಡಿಯುವ ವಿಭಾಗದಲ್ಲಿ ತಪ್ಪುಗಳು ಆ ಕೊನೆಯ ವಾರದಲ್ಲೇ ಆಗುತ್ತವೆ. ಅಲ್ಲಿ ತಪ್ಪುಗಳನ್ನು ಎಣಿಸುತ್ತಾ ಕೂರುವುದಕ್ಕಿಂತ ಕೆಲಸವನ್ನು ತಿಂಗಳಿಡೀ ಸಮನಾಗಿ ಹಂಚುವ ದಾರಿ ಹುಡುಕಬೇಕು.

ಎಲ್ಲರೂ ಪುರುಸೊತ್ತಿಲ್ಲದೆ ದುಡಿಯುತ್ತಿದ್ದಾರೆ, ಆದರೂ ಯಾವುದೂ ಮುಗಿಯುತ್ತಿಲ್ಲ. ಏಕೆ?

ಏಕಕಾಲಕ್ಕೆ ಕೈಯಲ್ಲಿ ಹಿಡಿದ ಕೆಲಸ ಹೆಚ್ಚಾಗಿದೆ. ಇದಕ್ಕೊಂದು ಸರಳ ಸೂತ್ರವಿದೆ, ಜಾನ್ ಲಿಟಲ್ 1961ರಲ್ಲಿ ಅದನ್ನು ಸಾಧಿಸಿ ತೋರಿಸಿದರು: ಒಂದು ಕೆಲಸ ಸರಾಸರಿ ತೆಗೆದುಕೊಳ್ಳುವ ಕಾಲ ಎಂದರೆ ಒಳಗೆ ಬಾಕಿ ಇರುವ ಕೆಲಸಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದಷ್ಟು. ದಿನಕ್ಕೆ 12 ಅರ್ಜಿ ಮುಗಿಸುವ ವಿಭಾಗದಲ್ಲಿ 60 ಅರ್ಜಿ ಬಾಕಿ ಇದ್ದರೆ, ಒಂದು ಅರ್ಜಿಗೆ ಸರಾಸರಿ ಐದು ದಿನ. ಬಾಕಿ 120 ಆದರೆ ಹತ್ತು ದಿನ. ಜನ ಅಷ್ಟೇ, ಶ್ರಮ ಅಷ್ಟೇ, ಗ್ರಾಹಕರು ಕಾಯುವುದು ಮಾತ್ರ ಎರಡು ಪಟ್ಟು.

ಇನ್ನೊಂದು ಲೆಕ್ಕ ಮ್ಯಾನೇಜರ್‌ಗಳು ಒಪ್ಪಲು ಕಷ್ಟಪಡುವಂಥದ್ದು. ಕೆಲಸ ಬರುವ ಹೊತ್ತೂ ಹಿಡಿಯುವ ಸಮಯವೂ ಹೆಚ್ಚುಕಡಿಮೆ ಆಗುತ್ತಿರುವ ಕಡೆ, ಒಬ್ಬರೇ ಸರತಿ ನಿಭಾಯಿಸುತ್ತಿದ್ದಾರೆ ಎಂದುಕೊಳ್ಳಿ. ಸರತಿಯ ಮೂಲ ಗಣಿತದ ಪ್ರಕಾರ ಅವರ ಸಮಯದ ಶೇ. 80 ತುಂಬಿದ್ದರೆ, ಒಂದು ಕೆಲಸಕ್ಕೆ ಹಿಡಿಯುವ ಸಮಯದ ಸುಮಾರು ನಾಲ್ಕರಷ್ಟು ಸಾಲಿನಲ್ಲಿ ಕಾಯಬೇಕು. ಶೇ. 90 ತುಂಬಿದರೆ ಒಂಬತ್ತರಷ್ಟು. ಶೇ. 95 ಆದರೆ ಹತ್ತೊಂಬತ್ತರಷ್ಟು. ಯಾರನ್ನೂ ಒಂದು ನಿಮಿಷವೂ ಖಾಲಿ ಕೂರಲು ಬಿಡಬಾರದು ಎಂಬ ಹಠ ಸಾಲನ್ನು ಬೆಳೆಸುತ್ತಲೇ ಹೋಗುತ್ತದೆ.

ಪರಿಹಾರ: ಒಮ್ಮೆಗೆ ಎಷ್ಟು ಕೆಲಸ ಒಳಗೆ ಇರಬಹುದು ಎಂಬುದಕ್ಕೆ ಮಿತಿ ಹಾಕಿ. ಒಂದು ಮುಗಿದ ಮೇಲೆಯೇ ಇನ್ನೊಂದನ್ನು ಒಳಗೆ ಬಿಡಿ. ಕೆಲಸಗಳನ್ನು ಚೀಟಿಗಳಲ್ಲಿ ಹಂತಹಂತವಾಗಿ ತೋರಿಸುವ ಕಾನ್‌ಬಾನ್ ಬೋರ್ಡಿನ ಜೀವಾಳ ಈ ಮಿತಿಯೇ. ಮಿತಿಯಿಲ್ಲದೆ ಚೀಟಿ ಅಂಟಿಸಿದ ಬೋರ್ಡ್ ಕೆಲಸಗಳ ಪಟ್ಟಿ ಮಾತ್ರ. ಮೊದಲ ಎರಡು ವಾರ ಎಲ್ಲರಿಗೂ ಕಸಿವಿಸಿ ಆಗುತ್ತದೆ, ತಡೆದುಕೊಳ್ಳಿ.

ಒಟ್ಟಿಗೆ ಮಾಡಿದರೆ ಬೇಗ ಮುಗಿಯುತ್ತದೆ ಅಲ್ಲವೇ? ಬ್ಯಾಚ್ ಏಕೆ ಚಿಕ್ಕದಿರಬೇಕು?

ನಾಲ್ಕು ಹಂತ, ಪ್ರತಿ ಹಂತದಲ್ಲಿ ಒಂದು ವಸ್ತುವಿಗೆ ಒಂದು ನಿಮಿಷ, ಒಟ್ಟು ಹತ್ತು ವಸ್ತು. ಹತ್ತನ್ನೂ ಒಂದು ಹಂತದಲ್ಲಿ ಮುಗಿಸಿಯೇ ಮುಂದಕ್ಕೆ ಕಳಿಸಿದರೆ ಇಡೀ ಬ್ಯಾಚ್ ಹೊರಬರುವುದು 40ನೇ ನಿಮಿಷಕ್ಕೆ. ಒಂದೊಂದಾಗಿ ದಾಟಿಸಿದರೆ ಮೊದಲನೆಯದು ನಾಲ್ಕನೇ ನಿಮಿಷಕ್ಕೇ ಸಿದ್ಧ, ಕೊನೆಯದು 13ನೇ ನಿಮಿಷಕ್ಕೆ. ಮೊದಲ ಹಂತದ ಸೆಟ್ಟಿಂಗ್ ತಪ್ಪಿದ್ದು ನಾಲ್ಕನೇ ಹಂತದಲ್ಲಿ ಗೊತ್ತಾಯಿತು ಅಂದುಕೊಳ್ಳಿ: ಬ್ಯಾಚ್ ಆಗಿದ್ದರೆ ಹತ್ತೂ ಹಾಳು, ಒಂದೊಂದಾಗಿದ್ದರೆ ಮೂರೋ ನಾಲ್ಕೋ.

"ಆದರೆ ಮಷೀನ್ ಸೆಟಪ್‌ಗೇ ಗಂಟೆಗಟ್ಟಲೆ ಹೋಗುತ್ತದಲ್ಲ?" ನಿಜ, ಬ್ಯಾಚ್ ದೊಡ್ಡದಾಗುವುದೇ ಆ ಕಾರಣಕ್ಕೆ. ಆದ್ದರಿಂದ ಸೆಟಪ್ಪನ್ನೇ ಇಳಿಸಬೇಕು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1969ರಲ್ಲಿ ಟೊಯೋಟದ ಸಾವಿರ ಟನ್ನಿನ ಪ್ರೆಸ್‌ನಲ್ಲಿ ನಾಲ್ಕು ಗಂಟೆ ಹಿಡಿಯುತ್ತಿದ್ದ ಸೆಟಪ್ಪನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಅವರು ಹಿಡಿದ ದಾರಿ ಯಾರಾದರೂ ಹಿಡಿಯಬಹುದು. ಮಷೀನ್ ಓಡುತ್ತಿರುವಾಗಲೇ ಮಾಡಬಹುದಾದದ್ದನ್ನೆಲ್ಲ, ಅಂದರೆ ಡೈ (ಅಚ್ಚು) ತಂದಿಡುವುದು, ಬೋಲ್ಟ್ ಜೋಡಿಸಿಡುವುದು, ಅಳತೆ ನೋಡುವುದನ್ನೆಲ್ಲ ಮೊದಲೇ ಮುಗಿಸಿಡಿ. ನಿಲ್ಲಿಸಿದ ಮೇಲೆ ಮಾಡಲೇಬೇಕಾದದ್ದನ್ನು ಮಾತ್ರ ಆಗ ಮಾಡಿ. ಸೆಟಪ್ಪನ್ನು ಒಮ್ಮೆ ವಿಡಿಯೊ ಮಾಡಿ, ಮಾಡಿದವರ ಜೊತೆಯಲ್ಲೇ ಕೂತು ನೋಡಿ. ಸ್ಪ್ಯಾನರ್ ಹುಡುಕಲು ಹೋದ ಸಮಯವೇ ಕಣ್ಣಿಗೆ ರಾಚುತ್ತದೆ.

ಎಲ್ಲಿಂದ ಶುರುಮಾಡಬೇಕು?

ನೋಡುವುದರಿಂದ. ಕಾನ್ಫರೆನ್ಸ್ ಕೋಣೆಯಲ್ಲಿ ಕೂತು ನಕ್ಷೆ ಬರೆಯಬೇಡಿ. ಕೆಲಸ ನಡೆಯುವ ಜಾಗಕ್ಕೆ ಹೋಗಿ ಒಂದು ಮೂಲೆಯಲ್ಲಿ ನಿಂತುಕೊಳ್ಳಿ. ಓನೊ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಎಂಜಿನಿಯರ್‌ಗಳನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ ನೋಡಲು ಹೇಳುತ್ತಿದ್ದರಂತೆ. ಮೊದಲ ಅರ್ಧ ಗಂಟೆ ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಅನ್ನಿಸುತ್ತದೆ. ಆಮೇಲೆ ಒಂದೇ ಫೈಲಿಗಾಗಿ ಮೂರನೇ ಸಲ ಎದ್ದವರು ಕಾಣುತ್ತಾರೆ, ಪ್ರಿಂಟರ್ ಹತ್ತಿರ ನಿಂತು ಕಾಯುವವರು ಕಾಣುತ್ತಾರೆ, ಎರಡು ಕಡೆ ಒಂದೇ ಅಂಕಿ ಬರೆಯುವವರು ಕಾಣುತ್ತಾರೆ.

ಆಮೇಲೆ ಒಂದೇ ಒಂದು ತೊಂದರೆಯನ್ನು ಎತ್ತಿಕೊಳ್ಳಿ. ಅಲ್ಲಿ ದುಡಿಯುವವರಿಗೆ ಪ್ರತಿದಿನ ಕಿರಿಕಿರಿ ಮಾಡುವಂಥದ್ದಾಗಿರಲಿ, ಎರಡು ವಾರದೊಳಗೆ ಬಗೆಹರಿಯುವಂಥದ್ದಾಗಿರಲಿ. ಆಡಳಿತಕ್ಕೆ ಇಷ್ಟವಾದ ಯೋಜನೆಯನ್ನು ಮೊದಲು ಹಿಡಿದರೆ ಜನ ದೂರ ನಿಂತು ನೋಡುತ್ತಾರೆ. ಅವರ ತಲೆನೋವನ್ನು ಮೊದಲು ಇಳಿಸಿದರೆ ಮುಂದಿನದನ್ನು ಅವರೇ ತರುತ್ತಾರೆ.

5ಎಸ್‌ನಿಂದ ಶುರುಮಾಡಿ ಅನ್ನುತ್ತಾರಲ್ಲ?

ಮಾಡಬಹುದು. ಬೇಡದ್ದನ್ನು ತೆಗೆದು, ಉಳಿದದ್ದಕ್ಕೆ ಜಾಗ ಗೊತ್ತುಮಾಡಿ, ಶುಚಿಯಾಗಿಟ್ಟು, ಅದನ್ನೇ ನಿಯಮ ಮಾಡಿ ಉಳಿಸಿಕೊಳ್ಳುವುದು 5ಎಸ್. ಆದರೆ ಟೇಬಲ್ ಒರೆಸಿ, ಹಳದಿ ಪಟ್ಟಿ ಎಳೆದು, ಫೋಟೊ ತೆಗೆದರೆ 5ಎಸ್ ಆಗಲಿಲ್ಲ. ಯಾವುದಾದರೂ ಜಾಗ ತಪ್ಪಿದರೆ ತಕ್ಷಣ ಗೊತ್ತಾಗಬೇಕು, ಅದಕ್ಕಾಗಿ ಅದು ಇರುವುದು. ಟೂಲ್ ಬೋರ್ಡಿನಲ್ಲಿ ಪ್ರತಿ ಸಲಕರಣೆಯ ಆಕಾರ ಬರೆದಿದ್ದರೆ ಇಲ್ಲದ್ದು ಯಾವುದು ಎಂದು ದೂರದಿಂದಲೇ ತಿಳಿಯುತ್ತದೆ.

ಐದು ಸಲ "ಏಕೆ" ಕೇಳಿದರೆ ಮೂಲ ಕಾರಣ ಸಿಗುತ್ತದೆಯೇ?

ಸ್ಥಳದಲ್ಲೇ ನಿಂತು, ಪ್ರತಿ ಉತ್ತರವನ್ನೂ ಕಣ್ಣಾರೆ ಪರೀಕ್ಷಿಸಿದರೆ ಸಿಗುತ್ತದೆ. ಓನೊ ಕೊಟ್ಟ ಉದಾಹರಣೆ ಇದು. ಮಷೀನ್ ನಿಂತಿತು. ಏಕೆ? ಅತಿಭಾರ ಬಿದ್ದು ಫ್ಯೂಸ್ ಹೋಯಿತು. ಅತಿಭಾರ ಏಕೆ? ಬೇರಿಂಗ್‌ಗೆ ಸಾಕಷ್ಟು ಎಣ್ಣೆ ಸಿಗಲಿಲ್ಲ. ಏಕೆ? ಎಣ್ಣೆಯ ಪಂಪ್ ಸರಿಯಾಗಿ ಎತ್ತುತ್ತಿಲ್ಲ. ಏಕೆ? ಪಂಪಿನ ಶಾಫ್ಟ್ ಸವೆದು ಅಲ್ಲಾಡುತ್ತಿದೆ. ಅದು ಸವೆದದ್ದೇಕೆ? ಜಾಲರಿ ಇಲ್ಲದ್ದರಿಂದ ಲೋಹದ ಚೂರುಗಳು ಒಳಗೆ ಹೋದವು. ಮೊದಲ ಉತ್ತರಕ್ಕೇ ನಿಂತಿದ್ದರೆ ಫ್ಯೂಸ್ ಬದಲಾಯಿಸುತ್ತಾ ಇರಬೇಕಿತ್ತು. ಐದನೆಯದಕ್ಕೆ ಹೋದದ್ದರಿಂದ ಒಂದು ಜಾಲರಿ ಹಾಕಿದರೆ ಸಾಕಾಯಿತು.

ಎರಡು ಎಚ್ಚರಿಕೆ. ಐದು ಎಂಬುದು ಕಟ್ಟುಪಾಡಲ್ಲ, ಮೂರಕ್ಕೇ ಸಿಗಬಹುದು, ಏಳಕ್ಕೂ ಹೋಗಬಹುದು. ಕೆಲವು ಸಲ ಕಾರಣ ಒಂದೇ ಸಾಲಿನಲ್ಲಿ ಇಳಿಯದೆ ಮೂರು ಕವಲಾಗಿ ಒಡೆಯುತ್ತದೆ. ಇನ್ನೊಂದು, "ಆಪರೇಟರ್ ಗಮನ ಕೊಡಲಿಲ್ಲ" ಎಂಬಲ್ಲಿಗೆ ವಿಚಾರಣೆ ಮುಗಿದರೆ ಅದು ಮುಗಿದಿಲ್ಲ ಅಂತಲೇ ತಿಳಿಯಿರಿ. ಗಮನ ತಪ್ಪಿದರೂ ಕೆಲಸ ಕೆಡದಂತೆ ಏಕಿರಲಿಲ್ಲ ಎಂಬುದು ಮುಂದಿನ "ಏಕೆ".

ಎಷ್ಟು ಹೇಳಿದರೂ ಅದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಏನು ಮಾಡುವುದು?

ಹೇಳುವುದನ್ನು ನಿಲ್ಲಿಸಿ, ಕೆಲಸದ ರೀತಿಯನ್ನು ಬದಲಾಯಿಸಿ. 1961ರಲ್ಲಿ ಶಿಂಗೊ ಒಂದು ಕಾರ್ಖಾನೆಯಲ್ಲಿ ಎರಡು ಗುಂಡಿಯ ಚಿಕ್ಕ ಸ್ವಿಚ್ ಜೋಡಿಸುವುದನ್ನು ನೋಡಿದರು. ಪ್ರತಿ ಗುಂಡಿಯ ಕೆಳಗೂ ಒಂದು ಸ್ಪ್ರಿಂಗ್ ಇಡಬೇಕು. ಆಗಾಗ ಒಂದು ಮರೆತುಹೋಗುತ್ತಿತ್ತು, ದೂರು ಬರುತ್ತಿತ್ತು, ಎಲ್ಲರಿಗೂ ಹುಷಾರಾಗಿರಲು ಹೇಳಲಾಗುತ್ತಿತ್ತು, ಕೆಲವು ದಿನ ಸರಿಹೋಗಿ ಮತ್ತೆ ಅದೇ ಕಥೆ. ಶಿಂಗೊ ಮಾಡಿದ್ದು ಇಷ್ಟೇ: ಮುಂದೆ ಒಂದು ಚಿಕ್ಕ ತಟ್ಟೆ ಇಡಿಸಿದರು. ಡಬ್ಬಿಯಿಂದ ಮೊದಲು ಎರಡು ಸ್ಪ್ರಿಂಗ್ ತೆಗೆದು ತಟ್ಟೆಗೆ ಹಾಕಬೇಕು, ಆಮೇಲೆ ತಟ್ಟೆಯಿಂದ ತೆಗೆದು ಜೋಡಿಸಬೇಕು. ಮುಗಿದಾಗ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತಿದ್ದೇವೆ ಎಂದು ಆಗಲೇ, ಅಲ್ಲೇ ಗೊತ್ತಾಗುತ್ತದೆ.

ಆ ತಟ್ಟೆಯನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಅದರಲ್ಲಿ ಬೈಗುಳ ಇಲ್ಲ, ದಂಡ ಇಲ್ಲ, ಇನ್ನೊಬ್ಬ ತಪಾಸಣೆಯವರಿಲ್ಲ. ಮನುಷ್ಯರು ಮರೆಯುತ್ತಾರೆ ಎಂಬುದನ್ನು ಒಪ್ಪಿಕೊಂಡು ಅವರಿಗೆ ನೆರವಾಗುತ್ತದೆ. ನಿಮ್ಮ ಕಚೇರಿಯಲ್ಲಿ ಇದರ ರೂಪ ಬೇರೆ: ಖಾತೆ ಸಂಖ್ಯೆಯ ಅಂಕಿ ಕಡಿಮೆ ಇದ್ದರೆ ಮುಂದಕ್ಕೆ ಹೋಗಲು ಬಿಡದ ಫಾರ್ಮ್, ತಪ್ಪು ಕಡೆ ಹೊಂದಿಕೊಳ್ಳದ ಪ್ಲಗ್.

ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಅಂದರೆ ಉತ್ಪಾದನೆ ಕುಸಿಯುವುದಿಲ್ಲವೇ?

ಮೊದಮೊದಲು ಸ್ವಲ್ಪ ಕುಸಿಯುತ್ತದೆ. ಆಮೇಲೆ ನಿಲ್ಲಿಸುವ ಕಾರಣಗಳೇ ಕಡಿಮೆಯಾಗುತ್ತವೆ. ಈ ಯೋಚನೆ ಮಗ್ಗದಿಂದ ಬಂದದ್ದು. ಕೀಚಿರೊ ಅವರ ತಂದೆ ಸಾಕಿಚಿ ಟೊಯೋಡ 1924ರಲ್ಲಿ ಪೂರ್ತಿಗೊಳಿಸಿದ ಸ್ವಯಂಚಾಲಿತ ಮಗ್ಗ ನೂಲು ಹರಿದ ಕ್ಷಣ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮಾರುಗಟ್ಟಲೆ ನೇಯ್ದುಹೋಗುವುದು ತಪ್ಪಿತು, ಪ್ರತಿ ಮಗ್ಗಕ್ಕೂ ಒಬ್ಬರು ಕಾವಲು ನಿಲ್ಲುವುದೂ ತಪ್ಪಿತು.

ಟೊಯೋಟದ ಅಸೆಂಬ್ಲಿ ಲೈನಿನಲ್ಲಿ ತೊಂದರೆ ತಿಳಿಸಲು ಇಟ್ಟ ಹಗ್ಗ ಎಳೆದ ತಕ್ಷಣ ಲೈನ್ ನಿಲ್ಲುವುದಿಲ್ಲ ಎಂಬುದನ್ನೂ ತಿಳಿದಿರಿ. ದೀಪ ಹೊತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾರೆ. ಕಾರು ಆ ಜಾಗದ ಗಡಿ ದಾಟುವುದರೊಳಗೆ ಸರಿಹೋಗದಿದ್ದರೆ ಮಾತ್ರ ನಿಲ್ಲುತ್ತದೆ. ಹಗ್ಗಕ್ಕಿಂತ ಆ ಓಡಿ ಬರುವವರು ಮುಖ್ಯ. ದೀಪ ಹೊತ್ತಿ ಹತ್ತು ನಿಮಿಷವಾದರೂ ಯಾರೂ ಬರದಿದ್ದರೆ, ಬಂದವರು "ಮತ್ತೆ ನೀನೇನಾ" ಎಂದರೆ, ಆ ಹಗ್ಗವನ್ನು ಮುಂದೆ ಯಾರೂ ಮುಟ್ಟುವುದಿಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ 1982ರಲ್ಲಿ ಮುಚ್ಚಿತ್ತು. ಜಗಳ, ಗೈರುಹಾಜರಿ, ಕಳಪೆ ಗುಣಮಟ್ಟಕ್ಕೆ ಅದು ಹೆಸರಾಗಿತ್ತು. 1984ರಲ್ಲಿ ಟೊಯೋಟದ ಜೊತೆ ಸೇರಿ ಅದನ್ನು ನಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಅದೇ ಹಳೆಯ ಕಾರ್ಮಿಕರು, ಅದೇ ಕಾರ್ಮಿಕ ಸಂಘ. ಆದರೆ ಈಗ ಅವರ ಕೈಗೆ ಹಗ್ಗ ಬಂದಿತ್ತು, ಎಳೆದರೆ ನೆರವು ಬರುತ್ತಿತ್ತು. ಕೆಲವೇ ವರ್ಷದಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗಳಿಗೆ ಹತ್ತಿರ ಬಂತು. ಕಾರುಗಳ ಬೇಡಿಕೆ ಬಿದ್ದ ಕಾಲದಲ್ಲೂ ಜನರನ್ನು ತೆಗೆಯದೆ ತರಬೇತಿಗೆ, ಸುಧಾರಣೆಗೆ ಹಚ್ಚಿದರು. ಸಿಯಾಟಲ್‌ನ ವರ್ಜಿನಿಯಾ ಮೇಸನ್ ಆಸ್ಪತ್ರೆ 2002ರಿಂದ ಇದೇ ತತ್ವವನ್ನು ಚಿಕಿತ್ಸೆಗೆ ತಂದಿತು. ರೋಗಿಗೆ ಅಪಾಯ ಕಂಡರೆ ಅಲ್ಲಿ ಯಾವ ಸಿಬ್ಬಂದಿಯಾದರೂ ಎಚ್ಚರಿಕೆ ಕೊಟ್ಟು ಕೆಲಸ ತಡೆಯಬಹುದು.

ಕೆಲಸದ ರೀತಿಯನ್ನು ಬರೆದಿಟ್ಟು ಎಲ್ಲರೂ ಹಾಗೇ ಮಾಡಬೇಕು ಅಂದರೆ ಜಾಣ್ಮೆಗೆ ಜಾಗವೆಲ್ಲಿ?

ಬರೆದಿಟ್ಟದ್ದು ಇಂದಿನ ಮಟ್ಟಿಗೆ ಗೊತ್ತಿರುವ ಒಳ್ಳೆಯ ರೀತಿ. ನಾಳೆ ಇನ್ನೂ ಒಳ್ಳೆಯದು ಸಿಕ್ಕರೆ ಹಾಳೆ ಬದಲಾಗುತ್ತದೆ. ಮೂವರು ಮೂರು ರೀತಿ ಮಾಡುತ್ತಿದ್ದರೆ ಯಾವ ಬದಲಾವಣೆಯಿಂದ ಒಳ್ಳೆಯದಾಯಿತು ಎಂದು ಹೇಳಲೇ ಆಗುವುದಿಲ್ಲ. ಒಂದು ಶರತ್ತು: ಆ ಹಾಳೆಯನ್ನು ಕೆಲಸ ಮಾಡುವವರೇ ಬರೆಯಬೇಕು, ಮೇಲಿನಿಂದ ಇಳಿದು ಬರಬಾರದು. ಆರು ತಿಂಗಳಿಂದ ಒಂದು ತಿದ್ದುಪಡಿಯೂ ಆಗದ ಹಾಳೆಯನ್ನು ಯಾರೂ ಓದುತ್ತಿಲ್ಲ.

ಸಲಹಾ ಪೆಟ್ಟಿಗೆ ಇಟ್ಟೆವು, ಯಾರೂ ಏನೂ ಹಾಕುತ್ತಿಲ್ಲ.

ಪೆಟ್ಟಿಗೆ ತೆಗೆದುಬಿಡಿ. ಅದಕ್ಕೆ ಚೀಟಿ ಹಾಕಿದವರಿಗೆ ಉತ್ತರ ಬಂದಿರುವುದಿಲ್ಲ, ಅದೇ ಕಾರಣ. ಬದಲಿಗೆ ಎಲ್ಲರಿಗೂ ಕಾಣುವಂತೆ ಗೋಡೆಗೆ ಒಂದು ಬೋರ್ಡ್ ಹಾಕಿ. ತೊಂದರೆ ಏನು, ಯಾರು ನೋಡಿಕೊಳ್ಳುತ್ತಿದ್ದಾರೆ, ಎಂದಿಗೆ, ಏನಾಯಿತು: ಇಷ್ಟು ಅಂಕಣ ಸಾಕು. ದಿನಕ್ಕೆ ಹತ್ತು ನಿಮಿಷ ಅದರ ಮುಂದೆ ತಂಡ ನಿಲ್ಲಲಿ. ಒಂದು ಸಲಹೆಯನ್ನು ಮಾಡಲಾಗದಿದ್ದರೆ ಏಕೆ ಆಗದು ಎಂದು ಅದೇ ವಾರ ಮುಖಾಮುಖಿ ಹೇಳಿ. ಬೇಡ ಎಂಬ ಉತ್ತರವನ್ನು ಜನ ಸಹಿಸುತ್ತಾರೆ, ಮೌನವನ್ನು ಸಹಿಸುವುದಿಲ್ಲ. ಸಲಹೆ ಕೊಟ್ಟವರೇ ಅದನ್ನು ಮಾಡಿ ನೋಡಲು ಸಮಯ ಕೊಡಿ. ದೊಡ್ಡ ಬಹುಮಾನ ಇಡಬೇಡಿ, ಅದರಿಂದ ಜನ ಚಿಕ್ಕ ಸಲಹೆ ಕೊಡಲು ಹಿಂಜರಿಯುತ್ತಾರೆ. ನಮಗೆ ಬೇಕಾದದ್ದು ಚಿಕ್ಕವೇ.

ಸ್ಟಾಕ್ ಸೊನ್ನೆಗೆ ಇಳಿಸಬೇಕೇ?

ಇಲ್ಲ. 1997ರ ಫೆಬ್ರುವರಿ 1ರಂದು ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟದ ಕಾರುಗಳಿಗೆ ಬೇಕಾದ ಬ್ರೇಕಿನ ಒಂದು ಚಿಕ್ಕ ವಾಲ್ವ್ ಬಹುತೇಕ ಅಲ್ಲಿಂದಲೇ ಬರುತ್ತಿತ್ತು, ಕೈಯಲ್ಲಿದ್ದ ದಾಸ್ತಾನು ಕೆಲವು ಗಂಟೆಗಳಿಗೆ ಮಾತ್ರ. ಜಪಾನಿನ ಟೊಯೋಟ ಘಟಕಗಳು ನಿಂತೇಹೋದವು. ಹತ್ತಾರು ಪೂರೈಕೆದಾರರು ತಮಗೆ ಗೊತ್ತಿಲ್ಲದ ಆ ವಾಲ್ವನ್ನು ಮಾಡಲು ಮುಂದೆ ಬಂದದ್ದರಿಂದ ಕೆಲವೇ ದಿನಗಳಲ್ಲಿ ಲೈನುಗಳು ಮತ್ತೆ ಓಡಿದವು. 2011ರ ಭೂಕಂಪ ಮತ್ತು ಸುನಾಮಿಯ ನಂತರ ಟೊಯೋಟ ಪೂರೈಕೆ ಸರಪಳಿಯ ಅಪಾಯಗಳನ್ನು ಮತ್ತೆ ಪಟ್ಟಿ ಮಾಡಿ, ಸೆಮಿಕಂಡಕ್ಟರ್‌ನಂಥ ಭಾಗಗಳನ್ನು ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಇಟ್ಟುಕೊಳ್ಳಲು ಪೂರೈಕೆದಾರರಿಗೆ ಹೇಳಿತು.

ಯಾವುದಕ್ಕಾಗಿ ಇಟ್ಟಿದ್ದೇವೆ ಎಂದು ಹೇಳಬಲ್ಲ ಸ್ಟಾಕ್ ಇರಲಿ. ಮಷೀನ್ ಕೆಡುತ್ತದೆ, ಪೂರೈಕೆದಾರರು ತಡ ಮಾಡುತ್ತಾರೆ, ಯೋಜನೆ ತಪ್ಪುತ್ತದೆ ಎಂಬುದನ್ನು ಮುಚ್ಚಿಡಲು ಬೆಳೆದ ಸ್ಟಾಕನ್ನು ಆ ಕಾರಣಗಳನ್ನು ಸರಿಮಾಡುತ್ತಾ ಇಳಿಸಿ. ಕಾರಣ ಹಾಗೇ ಬಿಟ್ಟು ಸ್ಟಾಕ್ ಮಾತ್ರ ಇಳಿಸಿದರೆ ಕೆಲಸವೇ ನಿಲ್ಲುತ್ತದೆ.

ಏನನ್ನು ಅಳೆಯಬೇಕು?

ಶುರುವಿನಲ್ಲಿ ಮೂರು ಸಾಕು. ಕೋರಿಕೆ ಬಂದಲ್ಲಿಂದ ಮುಗಿಯುವವರೆಗೆ ಎಷ್ಟು ದಿನ. ಮೊದಲ ಸಲವೇ ಸರಿಯಾಗಿ ದಾಟಿದ್ದು ಎಷ್ಟು. ಈಗ ಒಳಗೆ ಬಾಕಿ ಎಷ್ಟು. ಎರಡನೆಯದನ್ನು ಹಂತಹಂತವಾಗಿ ನೋಡಿ: ಹತ್ತು ಹಂತಗಳಿದ್ದು ಪ್ರತಿ ಹಂತದಲ್ಲೂ ಶೇ. 95 ಸರಿಯಿದ್ದರೆ, ಎಲ್ಲೂ ತಿದ್ದುಪಡಿಯಿಲ್ಲದೆ ಕೊನೆ ಮುಟ್ಟುವುದು ನೂರಕ್ಕೆ ಸುಮಾರು 60 ಮಾತ್ರ. ಪ್ರತಿ ವಿಭಾಗವೂ ತಾನು ಚೆನ್ನಾಗಿದ್ದೇನೆ ಅಂದುಕೊಂಡಿರುತ್ತದೆ, ಗ್ರಾಹಕರು ಮಾತ್ರ ಸಿಟ್ಟಾಗಿರುತ್ತಾರೆ. ವ್ಯಕ್ತಿಗಳ ವೇಗ ಅಳೆಯಬೇಡಿ. ಅಳೆದರೆ ಅಂಕಿಗಳು ಸುಂದರವಾಗುತ್ತವೆ, ಕೆಲಸ ಆಗುವುದಿಲ್ಲ.

ಸಿಕ್ಸ್ ಸಿಗ್ಮಾ, ಅಜೈಲ್ ಇವೆಲ್ಲ ಬೇರೆಯೇ?

ಸಿಕ್ಸ್ ಸಿಗ್ಮಾ 1980ರ ದಶಕದಲ್ಲಿ ಮೋಟೊರೋಲಾದಲ್ಲಿ ಶುರುವಾಯಿತು. ಏರುಪೇರನ್ನು ಅಂಕಿಅಂಶದ ಮೂಲಕ ಕಡಿಮೆ ಮಾಡುವುದು ಅದರ ಒತ್ತು. ಅಜೈಲ್ ಸಾಫ್ಟ್‌ವೇರ್‌ನವರ ದಾರಿ, ಲೀನ್‌ನಿಂದ ಸಾಕಷ್ಟು ಪಡೆದಿದೆ. ಹೆಸರುಗಳ ಬಗ್ಗೆ ವಾದ ಮಾಡುತ್ತಾ ಸಮಯ ಕಳೆಯಬೇಡಿ.

ಸಲಹೆಗಾರರು, ಸರ್ಟಿಫಿಕೇಟ್ ಬೇಕೇ?

ಶುರುವಿನಲ್ಲಿ ಕಲಿಸಲು ಒಬ್ಬರು ಇದ್ದರೆ ಒಳ್ಳೆಯದು. ಅವರು ನಿಮ್ಮ ಬದಲು ಮಾಡಿಕೊಡುವವರಾದರೆ ಬೇಡ.

ಮೂರು ತಿಂಗಳು ಚೆನ್ನಾಗಿ ನಡೆಯಿತು, ಆಮೇಲೆ ಎಲ್ಲ ಹಳೆಯ ದಾರಿಗೇ ಬಂತು. ಏಕೆ?

ಹೆಚ್ಚಿನ ಕಡೆ ಕಾರಣ ಒಂದೇ: ಮ್ಯಾನೇಜರ್ ಬರುವುದನ್ನು ನಿಲ್ಲಿಸಿದರು. ಸುಧಾರಣೆಯನ್ನು ತಂಡಕ್ಕೆ ವಹಿಸಿ ತಮ್ಮ ದಿನಚರಿಯನ್ನು ಮಾತ್ರ ಬದಲಾಯಿಸದೆ ಉಳಿಸಿಕೊಂಡರು. ವಾರದಲ್ಲಿ ಕೆಲವು ಗಂಟೆ ಕೆಲಸದ ಜಾಗದಲ್ಲಿ ಕಳೆಯುವುದನ್ನು ಅವರ ಕ್ಯಾಲೆಂಡರ್‌ನಲ್ಲಿ ಮೊದಲು ಬರೆಯಬೇಕು, ಉಳಿದ ಮೀಟಿಂಗ್‌ಗಳು ಅದರ ಸುತ್ತ ಕೂರಬೇಕು. ಹೋದಾಗ ಕೇಳಬೇಕಾದದ್ದು: ಇಲ್ಲಿ ಹೇಗೆ ನಡೆಯಬೇಕಿತ್ತು? ಈಗ ಹೇಗೆ ನಡೆಯುತ್ತಿದೆ? ಮಧ್ಯೆ ಏನು ಅಡ್ಡ ಬಂದಿದೆ? ನಾನು ಏನು ಮಾಡಿಕೊಡಲಿ? ಕೊನೆಯ ಪ್ರಶ್ನೆ ಕೇಳಿ ಅದನ್ನು ಮಾಡಿಕೊಡದೆ ಇದ್ದರೆ ಮುಂದಿನ ಸಲ "ಎಲ್ಲ ಚೆನ್ನಾಗಿದೆ ಸರ್" ಎಂಬ ಉತ್ತರ ಬರುತ್ತದೆ. ಆ ಉತ್ತರ ಬಂದ ದಿನ ಚಿಂತೆ ಮಾಡಬೇಕು.

ಒಂದು ಸಮಸ್ಯೆಯನ್ನು ಬರೆದಿಟ್ಟು ಬಗೆಹರಿಸುವುದು ಹೇಗೆ?

ಎ3 ಅಳತೆಯ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಇದು ಏಕೆ ಮುಖ್ಯ, ಈಗ ಏನಾಗುತ್ತಿದೆ (ಅಂಕಿ ಮತ್ತು ಕೈಬರಹದ ಚಿತ್ರದಲ್ಲಿ), ಎಲ್ಲಿಗೆ ತಲುಪಬೇಕು, ಕಾರಣವೇನು ಎಂದು ಬರೆಯಿರಿ. ಬಲಗಡೆ ಏನು ಮಾಡಿ ನೋಡುತ್ತೇವೆ, ಯಾರು, ಎಂದು, ಏನಾಗುತ್ತದೆ ಎಂದು ಎಣಿಸಿದ್ದೇವೆ, ನಿಜವಾಗಿ ಏನಾಯಿತು. ಎಡಗಡೆ ತುಂಬುವ ಮೊದಲೇ ಬಲಗಡೆಗೆ ಕೈ ಹೋಗುತ್ತದೆ, ಎಲ್ಲರದ್ದೂ ಹೋಗುತ್ತದೆ, ತಡೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಏಕೆಂದರೆ ಆ ಕೆಲಸ ಮಾಡುವ ಮೂವರಿಗಾದರೂ ತೋರಿಸಿ ಬಂದ ಮೇಲೆ ಅರ್ಧ ಅಳಿಸಬೇಕಾಗುತ್ತದೆ. ಎಣಿಸಿದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ಬಂದರೆ ಆ ವ್ಯತ್ಯಾಸವನ್ನೇ ಮುಂದಿನ ಹಾಳೆಯ ಎಡಗಡೆ ಮೊದಲ ಸಾಲಿಗೆ ಬರೆಯಿರಿ.